ದಣಿವು ಆರದಿದ್ದರೆ ಕಾರಣ ಹುಡುಕಿರಿ

(ಕಬ್ಬು ಬೆಳೆಗಾರ ಸಭಾಸದರ ಮೇಳಾವೆಯಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣದ ಬರಹರೂಪ)



ಕಬ್ಬಿನ ತಳಿ, ಗೊಬ್ಬರ, ನೀರು, ಎಕರೆಗೆ ಎಷ್ಟು ಟನ್ನು ಎಂಬ ವಿಚಾರಗಳನ್ನು ನೀವು ತಿಳಿದವರ ಬಾಯಿಂದ ಮೇಲಿಂದ ಮೇಲೆ ಕೇಳುತ್ತೀರಿ. ಇಂದು ಆ ಕಬ್ಬನ್ನು ಬೆಳೆಯುವ ನಿಮ್ಮ ಮೈಯ ಬಗ್ಗೆ ಎರಡು ಮಾತು ಹೇಳಬೇಕೆಂದು ನಿಂತಿದ್ದೇನೆ. ದವಾಖಾನೆಗೆ ಬರುವ ಹತ್ತು ಜನರಲ್ಲಿ ನಾಲ್ಕೈದು ಜನರಾದರೂ ಒಂದೇ ದೂರು ಹೇಳುತ್ತಾರೆ. “ಡಾಕ್ಟರೇ, ಸುಸ್ತು ಹೋಗವಲ್ದು, ಕೈಕಾಲಾಗ ಕಸುವಿಲ್ಲ.” ಗಡಿಯ ಈಚೆಗೆ ಇರುವ ನಾವು ಇದನ್ನೇ ಮರಾಠಿಯಲ್ಲಿ ‘ಅಶಕ್ತಪಣಾ’ ಎನ್ನುತ್ತೇವೆ. ಮಾತು ಯಾವುದಾದರೂ ಇರಲಿ, ತೊಂದರೆ ಒಂದೇ.

ಮೊದಲು ಒಂದು ಭೇದ ತಿಳಿದುಕೊಳ್ಳಿರಿ. ದಿನವಿಡೀ ಬೋದು ಏರಿಸಿ, ನೀರು ಹಾಯಿಸಿ, ರವದಿ ಹಾಸಿ ಸಂಜೆಗೆ ಮೈ ನೊಂದರೆ ಅದು ದಣಿವು. ಹೊಟ್ಟೆ ತುಂಬ ಉಂಡು ರಾತ್ರಿ ಗಾಢವಾಗಿ ಮಲಗಿದರೆ ಅದು ಆರುತ್ತದೆ. ಅದು ರೋಗವಲ್ಲ. ಆದರೆ ಬೆಳಿಗ್ಗೆ ಎದ್ದಾಗಲೇ ಮೈ ಭಾರ, ಹಿಂದೆ ಸಹಜವಾಗಿ ಮಾಡುತ್ತಿದ್ದ ಕೆಲಸಕ್ಕೆ ಈಗ ಏದುಸಿರು, ಹೀಗೆಯೇ ಎರಡು ಮೂರು ವಾರ ನಡೆದರೆ ಅದು ಬರೀ ದಣಿವಲ್ಲ. ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಆ ಕಾರಣ ಬಹಳ ಸಲ ನಮ್ಮ ದಿನನಿತ್ಯದ ರೂಢಿಯಲ್ಲಿಯೇ ಅಡಗಿರುತ್ತದೆ.

ಸಲೈನು ಮತ್ತು ತಾಕತ್ತಿನ ಇಂಜೆಕ್ಷನ್

ಸುಸ್ತಾದ ಕೂಡಲೆ ನಮ್ಮ ಜನ ಕೇಳುವುದು ಸಲೈನು. ಬಾಟಲಿ ಏರಿದರೆ ತಾಕತ್ತು ಬಂತೆಂಬ ನಂಬಿಕೆ. ಆ ಬಾಟಲಿಯಲ್ಲಿ ಏನಿದೆ, ಲೆಕ್ಕ ಹಾಕೋಣ. ಅರ್ಧ ಲೀಟರಿನ ಸಾಮಾನ್ಯ ಸಲೈನಿನಲ್ಲಿ ಇರುವುದು ನೀರು ಮತ್ತು ನಾಲ್ಕೂವರೆ ಗ್ರಾಂ ಉಪ್ಪು. ಶೇಕಡಾ ೫ರ ಗ್ಲುಕೋಸಿನ ಬಾಟಲಿಯಾದರೆ ೨೫ ಗ್ರಾಂ ಗ್ಲುಕೋಸು, ಅಂದರೆ ಐದಾರು ಚಮಚ ಸಕ್ಕರೆಯಷ್ಟು. ಒಂದು ದೊಡ್ಡ ಜೋಳದ ರೊಟ್ಟಿಯಲ್ಲಿ ಇರುವ ಶಕ್ತಿಯ ಅರ್ಧದಷ್ಟೂ ಅದರಲ್ಲಿಲ್ಲ. ಸಕ್ಕರೆಯನ್ನು ಟನ್ನುಗಟ್ಟಲೆ ತಯಾರಿಸುವ ಊರಿನವರು ಐದು ಚಮಚ ಸಕ್ಕರೆಗಾಗಿ ನೂರಾರು ರೂಪಾಯಿ ಕೊಟ್ಟು ರಕ್ತನಾಳಕ್ಕೆ ಸೂಜಿ ಚುಚ್ಚಿಸಿಕೊಳ್ಳಬೇಕೆ? ವಾಂತಿ ಭೇದಿಯಾಗಿ ಬಾಯಿಂದ ಏನೂ ನಿಲ್ಲದವನಿಗೆ ಸಲೈನು ಜೀವ ಉಳಿಸುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ತಿಂಗಳುಗಟ್ಟಲೆಯ ಸುಸ್ತಿಗೆ ಅದು ಔಷಧವಲ್ಲ.

ಇದಕ್ಕಿಂತ ಕೆಟ್ಟದ್ದು ಚೀಟಿಯಿಲ್ಲದೆ ತಂದು ನುಂಗುವ ಗುಳಿಗೆಗಳು. ಸ್ಟೀರಾಯ್ಡ್ ಗುಳಿಗೆ ಎರಡು ದಿನ ಹುರುಪು ಕೊಡುತ್ತದೆ, ಹಸಿವೆ ಹೆಚ್ಚಿಸುತ್ತದೆ. ತಿಂಗಳುಗಟ್ಟಲೆ ನುಂಗಿದರೆ ರಕ್ತದಲ್ಲಿ ಸಕ್ಕರೆ ಏರುತ್ತದೆ, ಎಲುಬು ಸವೆಯುತ್ತದೆ. ದಿನಾಲು ಮೈಕೈ ನೋವಿನ ಗುಳಿಗೆ ನುಂಗುವವರಲ್ಲಿ ಕೆಲವರಿಗೆ ಹೊಟ್ಟೆಯೊಳಗೆ ಹುಣ್ಣಾಗಿ ತಿಳಿಯದಂತೆ ರಕ್ತ ಸೋರುತ್ತದೆ, ಮೂತ್ರಪಿಂಡ ಕೆಡುತ್ತದೆ. ಅಂದರೆ ಸುಸ್ತಿಗೆಂದು ನುಂಗಿದ ಗುಳಿಗೆಯೇ ಸುಸ್ತಿಗೆ ಮೂಲವಾಗುತ್ತದೆ.

ನಿದ್ರೆಯ ಸಾಲ

ನಮ್ಮ ಭಾಗದ ರೈತನ ಸುಸ್ತಿಗೆ ಮೊದಲ ಕಾರಣ ನಿದ್ರೆಗೇಡು. ಪಂಪಿನ ವಿದ್ಯುತ್ತು ರಾತ್ರಿ ಪಾಳಿಗೆ ಬಂದರೆ ಕಬ್ಬಿನ ಸಾಲಿನಲ್ಲಿ ಕಂದೀಲೋ ಬ್ಯಾಟರಿಯೋ ಹಿಡಿದು ನಿಲ್ಲಲೇಬೇಕು. ಬೆಳಗಾದರೆ ದನಕರು, ಡೇರಿಯ ಹಾಲು, ಆಳುಗಳ ಕೆಲಸ. ಹೀಗೆ ವಾರವೆಲ್ಲ ನಾಲ್ಕು ತಾಸು ಮಲಗಿದವನ ಮೈ ಸಾಲದ ಮೇಲೆ ಸಾಲ ಮಾಡುತ್ತ ಹೋಗುತ್ತದೆ. ದೊಡ್ಡವರಿಗೆ ದಿನಕ್ಕೆ ಏಳರಿಂದ ಎಂಟು ತಾಸು ನಿದ್ರೆ ಬೇಕು. ಚಹಾದಿಂದ ಈ ಸಾಲ ತೀರುವುದಿಲ್ಲ. ಚಹಾ ನಿದ್ರೆಯನ್ನು ಮುಂದೂಡುತ್ತದೆ, ಅಷ್ಟೇ.

ಏನು ಮಾಡಬೇಕು? ರಾತ್ರಿ ನೀರಿನ ಪಾಳಿಯನ್ನು ಮನೆಯ ಗಂಡಸರು ಹಂಚಿಕೊಳ್ಳಿರಿ, ಇಲ್ಲವೆ ಬಾಂದಿನ ನೆರೆಯವರೊಡನೆ ಒಪ್ಪಂದ ಮಾಡಿಕೊಳ್ಳಿರಿ. ಪಾಳಿ ಮಾಡಿದ ದಿನ ಮಧ್ಯಾಹ್ನ ಒಂದೂವರೆ ತಾಸಾದರೂ ಕತ್ತಲೆ ಮಾಡಿಕೊಂಡು ಮಲಗಿರಿ. ಅದು ಸೋಮಾರಿತನವಲ್ಲ. ಹನಿ ನೀರಾವರಿ ಮತ್ತು ಮೊಬೈಲಿನಿಂದ ನಡೆಯುವ ಸ್ಟಾರ್ಟರು ಇದ್ದವರಿಗೆ ರಾತ್ರಿಯ ಓಡಾಟ ಬಹಳ ಕಡಿಮೆಯಾಗುತ್ತದೆ. ಇವುಗಳ ಖರ್ಚು ಲೆಕ್ಕ ಹಾಕುವಾಗ ಉಳಿದ ನಿದ್ರೆಯನ್ನೂ ಜಮೆಗೆ ಹಿಡಿಯಿರಿ. ಟ್ರ್ಯಾಕ್ಟರ್ ಚಾಲಕರಿಗೆ ವಿಶೇಷ ಮಾತು. ಇಡೀ ದಿನ ರಾತ್ರಿ ಎಚ್ಚರವಿದ್ದು ಗಾಡಿ ನಡೆಸುವವನು ಕುಡಿದು ನಡೆಸುವವನಷ್ಟೇ ಅಪಾಯಕಾರಿ. ಎರಡು ಟ್ರೇಲರು ಕಟ್ಟಿಕೊಂಡು ತೂಕಡಿಸುವ ಬದಲು ಕಾರಖಾನೆಯ ಅಂಗಳದಲ್ಲಿ ಪಾಳಿ ಕಾಯುವ ಹೊತ್ತನ್ನು ನಿದ್ರೆಗೆ ಬಳಸಿರಿ.

ಎಂಟು ತಾಸು ಮಲಗಿದರೂ ಹಗಲು ತೂಕಡಿಕೆ, ಜೋರಾದ ಗೊರಕೆ, ನಡುನಡುವೆ ಉಸಿರು ಕಟ್ಟಿದಂತಾಗಿ ಏಳುವುದು ಇದ್ದರೆ ಅದು ನಗೆಯ ವಿಷಯವಲ್ಲ. ನಿದ್ರೆಯಲ್ಲಿ ಉಸಿರು ನಿಂತು ನಿಂತು ಬರುವ ರೋಗವಿದೆ, ಅದಕ್ಕೆ ಚಿಕಿತ್ಸೆಯೂ ಇದೆ.

ನೀರು ಮತ್ತು ನೆರಳು

ಸೋಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಏಪ್ರಿಲ್, ಮೇ ತಿಂಗಳ ಬಿಸಿಲು ೪೦ ಡಿಗ್ರಿ ದಾಟುವುದು ನಿಮಗೆ ಹೊಸದಲ್ಲ. ಬೆವರಿನೊಂದಿಗೆ ನೀರೂ ಉಪ್ಪೂ ಹೋಗುತ್ತವೆ. ತಲೆನೋವು, ಕಣ್ಣು ಕತ್ತಲೆ, ಮೀನಖಂಡ ಹಿಡಿಯುವುದು, ಸುಸ್ತು, ಇವು ಅದರ ಗುರುತು. ಬಾಯಾರಿದಾಗ ಒಮ್ಮೆಲೆ ತಂಬಿಗೆಗಟ್ಟಲೆ ಕುಡಿಯುವುದಕ್ಕಿಂತ ಬಿಸಿಲಿನ ಕೆಲಸದಲ್ಲಿ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಗ್ಲಾಸು ಕುಡಿಯುವುದು ಒಳ್ಳೆಯದು. ಮೂತ್ರ ತಿಳಿ ಬಣ್ಣದ್ದಿದ್ದರೆ ನೀರು ಸಾಕಾಗಿದೆ, ಗಾಢ ಹಳದಿಯಾದರೆ ಸಾಲದು ಎಂದು ತಿಳಿಯಿರಿ. ಉಪ್ಪು ಹಾಕಿದ ಮಜ್ಜಿಗೆ, ಲಿಂಬೆ ಪಾನಕ, ಅಂಬಲಿ ನಮ್ಮ ಹಿರಿಯರೇ ಕಂಡುಕೊಂಡ ಉಪಾಯ. ರಕ್ತದೊತ್ತಡ ಇದ್ದವರು ಮಾತ್ರ ಹೆಚ್ಚಿನ ಉಪ್ಪನ್ನು ವೈದ್ಯರನ್ನು ಕೇಳದೆ ಬಳಸಬಾರದು.

ಮಧ್ಯ ಅಮೇರಿಕೆಯ ಎಲ್ ಸಾಲ್ವಡೋರ್ ಮತ್ತು ನಿಕರಾಗುವಾ ದೇಶಗಳಲ್ಲಿ ಕಬ್ಬು ಕಡಿಯುವ ತರುಣರು ಸಕ್ಕರೆ ರೋಗವಿಲ್ಲದೆ, ರಕ್ತದೊತ್ತಡವಿಲ್ಲದೆ ಮೂತ್ರಪಿಂಡ ಕೆಟ್ಟು ಸತ್ತರು. ಉರಿಬಿಸಿಲಿನಲ್ಲಿ ಬಿಡುವಿಲ್ಲದ ದುಡಿಮೆ ಮತ್ತು ನೀರಿನ ಕೊರತೆ ಅದಕ್ಕೆ ಮುಖ್ಯ ಕಾರಣಗಳಲ್ಲಿ ಒಂದೆಂದು ತಜ್ಞರು ಹೇಳುತ್ತಾರೆ. ಅಲ್ಲಿಯ ಫಡಗಳಲ್ಲಿ ಈಗ ನೀರು, ನೆರಳು, ವಿಶ್ರಾಂತಿ ಎಂಬ ಮೂರು ಮಾತಿಗೆ ಬೆಲೆ ಬಂದಿದೆ. ನಿಮ್ಮ ಹೊಲಕ್ಕೆ ಬರುವ ಟೋಳಿಗೂ ಒಂದು ಕೊಡ ತಣ್ಣೀರು, ಒಂದು ಚಪ್ಪರ, ಹೆಣ್ಣುಮಕ್ಕಳಿಗೆ ಮರೆಯಾದ ಒಂದು ಶೌಚದ ಜಾಗ ಮಾಡಿಕೊಡಿರಿ. ಜಾಗವಿಲ್ಲವೆಂದೇ ಎಷ್ಟೋ ತಾಯಂದಿರು ಹಗಲೆಲ್ಲ ನೀರು ಕುಡಿಯುವುದಿಲ್ಲ.

ಗಾಡಿಗಳು ಕಡಿಮೆಯಾದ ಕಾರಖಾನೆ

ಈಗ ಎಲ್ಲಕ್ಕಿಂತ ದೊಡ್ಡ ಕಾರಣಕ್ಕೆ ಬರುತ್ತೇನೆ. ಅದು ರಕ್ತಹೀನತೆ. ಹೊಲದಲ್ಲಿ ಕಬ್ಬು ನಿಂತಿದೆ, ಕಾರಖಾನೆಯಲ್ಲಿ ಯಂತ್ರ ಸರಿಯಾಗಿದೆ. ಆದರೆ ಕಬ್ಬು ತರುವ ಗಾಡಿಗಳು ಅರ್ಧಕ್ಕೆ ಇಳಿದಿವೆ. ಏನಾಗುತ್ತದೆ? ‘ನೋ ಕೇನ್’ ಎಂದು ಗಳಿತ ನಿಲ್ಲುತ್ತದೆ. ನಮ್ಮ ಮೈಯಲ್ಲಿಯೂ ಹಾಗೆಯೇ. ಉಸಿರಿನ ಪ್ರಾಣವಾಯುವನ್ನು ಮಾಂಸಖಂಡಕ್ಕೆ ಸಾಗಿಸುವ ಗಾಡಿಗಳೆಂದರೆ ರಕ್ತದ ಹಿಮೊಗ್ಲೋಬಿನ್. ಅದು ಕಬ್ಬಿಣದ ಅಂಶದಿಂದ ಆಗುತ್ತದೆ. ಗಂಡಸರಲ್ಲಿ ೧೩, ಹೆಂಗಸರಲ್ಲಿ ೧೨, ಗರ್ಭಿಣಿಯರಲ್ಲಿ ೧೧ ಗ್ರಾಮಿಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ೧೫ರಿಂದ ೪೯ ವಯಸ್ಸಿನ ನೂರು ಹೆಂಗಸರಲ್ಲಿ ೫೭ ಜನರಿಗೆ, ನೂರು ಗಂಡಸರಲ್ಲಿ ೨೫ ಜನರಿಗೆ ಈ ತೊಂದರೆ ಇತ್ತು. ಮಹಾರಾಷ್ಟ್ರದಲ್ಲಿ ಹೆಂಗಸರ ಪ್ರಮಾಣ ನೂರಕ್ಕೆ ಸುಮಾರು ೫೪.

ನಿಮಗೆ ತಿಳಿದ ಒಂದು ಉದಾಹರಣೆ ಕೊಡುತ್ತೇನೆ. ಸುಣ್ಣದ ಅಂಶ ಹೆಚ್ಚಿದ್ದ ಹೊಲದಲ್ಲಿ ಕುಳೆ ಕಬ್ಬಿನ ಎಲೆ ಬಿಳಿಚಿಕೊಳ್ಳುತ್ತದೆ. ತಿಳಿಯದವನು ಯೂರಿಯಾ ಸುರಿಯುತ್ತಾನೆ, ಎಲೆ ಹಸಿರಾಗುವುದಿಲ್ಲ. ತಿಳಿದವನು ಇದು ಕಬ್ಬಿಣದ ಕೊರತೆ ಎಂದು ಗುರುತಿಸಿ ಫೆರಸ್ ಸಲ್ಫೇಟು ಸಿಂಪಡಿಸುತ್ತಾನೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಸುಣ್ಣ ಅದನ್ನು ಬೇರಿಗೆ ಸಿಗಗೊಡುವುದಿಲ್ಲ. ಮನುಷ್ಯನ ಹೊಟ್ಟೆಯಲ್ಲಿ ಆ ಸುಣ್ಣದ ಕೆಲಸ ಮಾಡುವುದು ಚಹಾ. ಊಟದ ಜೊತೆಗೆ ಅಥವಾ ಊಟವಾದ ಕೂಡಲೆ ಕುಡಿದ ಚಹಾ ಊಟದಲ್ಲಿಯ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಅದಕ್ಕಾಗಿ ಊಟಕ್ಕೂ ಚಹಾಕ್ಕೂ ನಡುವೆ ಒಂದು ತಾಸಾದರೂ ಅಂತರ ಇಡಿರಿ. ಅದೇ ಲಿಂಬೆಹಣ್ಣು, ನೆಲ್ಲಿಕಾಯಿ, ಪೇರಲಹಣ್ಣು ಕಬ್ಬಿಣ ಹೀರಲು ನೆರವಾಗುತ್ತವೆ. ನೆರೆಯ ಇಂಡಿಯ ಲಿಂಬೆ ಹೆಸರಾದದ್ದು. ಪಲ್ಯದ ಮೇಲೆ ಅರ್ಧ ಹೋಳು ಹಿಂಡಿಕೊಳ್ಳಲು ಏನು ಕಷ್ಟ?

ನಮ್ಮ ಅಡಿಗೆಯಲ್ಲಿಯೇ ಔಷಧವಿದೆ. ಸಜ್ಜೆಯಲ್ಲಿ ಜೋಳಕ್ಕಿಂತ ಹೆಚ್ಚು ಕಬ್ಬಿಣವಿದೆ. ಸಂಕ್ರಾಂತಿಯ ಮುನ್ನಾದಿನ ಭೋಗಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡುತ್ತೀರಿ. ಅದನ್ನು ಚಳಿಗಾಲವಿಡೀ ವಾರಕ್ಕೆ ಎರಡು ಮೂರು ದಿನ ಮಾಡಿರಿ. ಮಡಿಕೆ, ಹೆಸರು, ಕಡಲೆಯನ್ನು ಮೊಳಕೆ ಬರಿಸಿ ಉಸಳಿ ಮಾಡಿದರೆ ಅವುಗಳ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಮೆಂತೆ, ರಾಜಗಿರಿ, ಗುರೆಳ್ಳಿನ ಚಟ್ನಿ, ಶೇಂಗಾ ಇವೆಲ್ಲ ಬೇಕು. ತಿನ್ನುವವರು ತತ್ತಿ, ಮಾಂಸ, ಮೀನು ತಿನ್ನಬೇಕು. ಬೆಲ್ಲ ತಿಂದರೆ ರಕ್ತವಾಗುತ್ತದೆ ಎನ್ನುವುದು ಅರ್ಧ ಸತ್ಯ. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣವಿದೆ. ಆದರೆ ೮ಕ್ಕೆ ಇಳಿದ ಹಿಮೊಗ್ಲೋಬಿನ್ನನ್ನು ಬೆಲ್ಲದಿಂದ ಏರಿಸುವುದಾಗದು.

ಇಳಿದವರಿಗೆ ಕಬ್ಬಿಣದ ಗುಳಿಗೆ ಬೇಕು. ಅದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಧರ್ಮಾರ್ಥ ಸಿಗುತ್ತದೆ. ಮಲ ಕಪ್ಪಾಗುತ್ತದೆಂದು ಹೆದರಿ ನಾಲ್ಕು ದಿನಕ್ಕೆ ಬಿಡುವವರೇ ಹೆಚ್ಚು. ಕಬ್ಬಿಣದ ಗುಳಿಗೆಯಿಂದ ಮಲ ಕಪ್ಪಾದರೆ ಅಪಾಯವಿಲ್ಲ. ಹೊಟ್ಟೆ ತೊಳೆಸಿದರೆ ರಾತ್ರಿ ಊಟದ ನಂತರ ನುಂಗಿರಿ. ರಕ್ತ ಸರಿಯಾಯಿತೆಂದು ಕೂಡಲೆ ನಿಲ್ಲಿಸಬೇಡಿರಿ. ಮೈಯ ಉಗ್ರಾಣ ತುಂಬಲು ಮುಂದೆ ಇನ್ನೂ ಮೂರು ತಿಂಗಳು ಬೇಕು. ಬರಿಗಾಲಿನಲ್ಲಿ ತೇವದ ಮಣ್ಣಿನಲ್ಲಿ ಓಡಾಡುವವರಿಗೆ ಕೊಕ್ಕೆಹುಳು ಅಂಗಾಲಿನಿಂದ ಒಳಹೊಕ್ಕು ಕರುಳಿನಲ್ಲಿ ರಕ್ತ ಹೀರುತ್ತದೆ. ಕಾಲಿಗೆ ಕೆರವು ಇರಲಿ, ಹುಳುವಿನ ಗುಳಿಗೆಯನ್ನು ವೈದ್ಯರ ಸಲಹೆಯಂತೆ ಪಡೆಯಿರಿ. ಗಂಡಸರಲ್ಲಿ ರಕ್ತ ಇಳಿದರೆ ಮೂಲವ್ಯಾಧಿ, ಹೊಟ್ಟೆಯ ಹುಣ್ಣು ಮುಂತಾದ ಸೋರಿಕೆ ಎಲ್ಲಿದೆಯೆಂದು ನೋಡಲೇಬೇಕು.

ಮನೆಯ ಹೆಣ್ಣುಮಕ್ಕಳ ಸುಸ್ತು

ಬಂಧುಗಳೇ, ಈ ಮಾತನ್ನು ಗಂಡಸರು ಗಮನವಿಟ್ಟು ಕೇಳಬೇಕು. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವವಳು ಮನೆಯಾಕೆ. ಮೊದಲು ಏಳುವವಳೂ ಆಕೆಯೇ, ಕೊನೆಗೆ ಮಲಗುವವಳೂ ಆಕೆಯೇ. ಆಕೆಯ ಸುಸ್ತನ್ನು ನಾವು ಸ್ವಭಾವವೆಂದು ತಿಳಿಯುತ್ತೇವೆ. ತಿಂಗಳ ಸ್ರಾವ ಏಳು ದಿನ ಮೀರಿ ನಡೆದರೆ, ತಾಸಿಗೊಮ್ಮೆ ಎರಡು ತಾಸಿಗೊಮ್ಮೆ ಬಟ್ಟೆ ಬದಲಿಸುವಂತಾದರೆ, ಗಡ್ಡೆ ಗಡ್ಡೆಯಾಗಿ ರಕ್ತ ಹೋದರೆ ಅದು ಆಕೆಯ ಕರ್ಮವಲ್ಲ, ಚಿಕಿತ್ಸೆಯುಳ್ಳ ತೊಂದರೆ.

ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳಲ್ಲಿ ಎಳೆ ವಯಸ್ಸಿನಲ್ಲಿಯೇ ಗರ್ಭಾಶಯ ತೆಗೆಸಿಕೊಂಡವರು ಬಹಳ ಎಂಬ ಸಂಗತಿ ೨೦೧೯ರಲ್ಲಿ ದೇಶಕ್ಕೆಲ್ಲ ತಿಳಿಯಿತು. ಮಹಾರಾಷ್ಟ್ರ ಸರಕಾರ ವಿಚಾರಣೆಗೆ ಸಮಿತಿ ನೇಮಿಸಿತು. ಕೆಲಸ ತಪ್ಪಿದರೆ ದಂಡ, ಸ್ರಾವದ ಕಾಟ, ಶೌಚಕ್ಕೆ ಜಾಗವಿಲ್ಲ, ಜೊತೆಗೆ ಕ್ಯಾನ್ಸರಿನ ಹೆದರಿಕೆ, ಇವುಗಳ ನಡುವೆ ಸಿಕ್ಕವರು ಆ ದಾರಿ ಹಿಡಿದಿದ್ದರು. ಗರ್ಭಾಶಯ ತೆಗೆಯುವುದು ಕೆಲವು ರೋಗಗಳಿಗೆ ಬೇಕಾಗುತ್ತದೆ ನಿಜ. ಆದರೆ ಹೆಚ್ಚಿನ ಸ್ರಾವಕ್ಕೆ ಗುಳಿಗೆಯ ಚಿಕಿತ್ಸೆಯಿದೆ, ಬೇರೆ ಉಪಾಯಗಳೂ ಇವೆ. ಜೊತೆಗೆ ಅಂಡಾಶಯವನ್ನೂ ತೆಗೆದರೆ ಎಳೆತನದಲ್ಲಿಯೇ ಮುಟ್ಟು ನಿಂತು ಎಲುಬು ಸವೆಯುತ್ತದೆ. ಶಸ್ತ್ರಕ್ರಿಯೆ ಮಾಡಿಸಿರೆಂದು ಯಾರಾದರೂ ಹೇಳಿದರೆ ಗ್ರಾಮೀಣ ರುಗ್ಣಾಲಯದಲ್ಲಿ ಅಥವಾ ಸೋಲಾಪುರದ ಸಿವ್ಹಿಲ್ ಆಸ್ಪತ್ರೆಯಲ್ಲಿ ಇನ್ನೊಬ್ಬರ ಅಭಿಪ್ರಾಯ ಪಡೆಯದೆ ಒಪ್ಪಬೇಡಿರಿ. ನಿಮ್ಮ ಫಡಕ್ಕೆ ಬಂದ ಹೆಣ್ಣುಮಗಳಿಗೂ ಇದನ್ನು ತಿಳಿಸಿರಿ.

ಹಾಲು ಡೇರಿಗೆ, ಚಹಾ ಮನೆಗೆ

ಬಿ೧೨ ಎಂಬ ಜೀವಸತ್ವ ಕಾಳುಕಡಿ, ಕಾಯಿಪಲ್ಯದಲ್ಲಿ ಸಿಗುವುದಿಲ್ಲ. ಸಸ್ಯಾಹಾರಿಗಳಿಗೆ ಅದು ಬರುವುದು ಹಾಲು, ಮೊಸರು, ಮಜ್ಜಿಗೆಯಿಂದ. ಎರಡು ಎಮ್ಮೆ ಕಟ್ಟಿದ ಮನೆಯಲ್ಲಿಯೂ ಹಾಲೆಲ್ಲ ಡೇರಿಗೆ ಹೋಗಿ ಮನೆಗೆ ಚಹಾಕ್ಕಷ್ಟೇ ಉಳಿಯುತ್ತದೆ. ಸುಸ್ತಿನ ಜೊತೆಗೆ ಅಂಗಾಲು ಜುಮುಗುಡುವುದು, ನಾಲಿಗೆ ಉರಿ, ಮರೆವು ಇದ್ದರೆ ಬಿ೧೨ ತಪಾಸಣೆ ಮಾಡಿಸಿರಿ. ಒಂದು ಚರಿಗೆ ಹಾಲು ಮನೆಗೆ ಇಟ್ಟುಕೊಂಡೇ ಉಳಿದದ್ದನ್ನು ಅಳೆಯಿರಿ.

ಸುಸ್ತಿನ ವೇಷದಲ್ಲಿ ಬರುವ ರೋಗಗಳು

ಕೆಲವು ರೋಗಗಳು ಮೊದಲು ಸುಸ್ತಿನ ರೂಪದಲ್ಲಿಯೇ ಕಾಣಿಸುತ್ತವೆ. ಬಾಯಾರಿಕೆ, ಮೇಲಿಂದ ಮೇಲೆ ಮೂತ್ರ, ತೂಕ ಇಳಿಯುವುದು ಇದ್ದರೆ ಸಕ್ಕರೆ ರೋಗ. ಉಪವಾಸದ ರಕ್ತದಲ್ಲಿ ಸಕ್ಕರೆ ೧೨೬ ಅಥವಾ ಮೇಲೆ ಬಂದರೆ ಮತ್ತೊಮ್ಮೆ ನೋಡಿ ಖಚಿತಪಡಿಸುತ್ತಾರೆ. ತೂಕ ಏರಿಕೆ, ಚಳಿ ತಡೆಯದಿರುವುದು, ಮಲಬದ್ಧತೆ ಇದ್ದರೆ, ವಿಶೇಷವಾಗಿ ಹೆಂಗಸರಲ್ಲಿ, ಥೈರಾಯ್ಡ್ ನೋಡಬೇಕು. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು ಇದ್ದರೆ ಕ್ಷಯ. ಅದರ ತಪಾಸಣೆ, ಔಷಧ ಎರಡೂ ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ. ೨೦೨೪ರ ನವೆಂಬರದಿಂದ ರೋಗಿಯ ಆಹಾರಕ್ಕೆ ತಿಂಗಳಿಗೆ ೧೦೦೦ ರೂಪಾಯಿ ಸಹಾಯಧನವೂ ಇದೆ.

ಔಷಧ ಸಿಂಪಡಿಸಿದ ದಿನ ಸುಸ್ತು, ತಲೆನೋವು, ಜೊಲ್ಲು, ಮಂಜು ಕಣ್ಣು ಬಂದರೆ ಅದು ವಿಷ ಏರಿದ ಗುರುತು. ಬಟ್ಟೆ ತೆಗೆದು ಸಾಬೂನಿನಿಂದ ಮೈ ತೊಳೆದು, ಔಷಧದ ಬಾಟಲಿ ಸಹಿತ ಕೂಡಲೆ ದವಾಖಾನೆಗೆ ಒಯ್ಯಿರಿ. ತಂಬಾಕು, ಮಿಶ್ರಿ, ಗುಟಕಾ ಹಸಿವೆ ಕೊಲ್ಲುತ್ತವೆ. ಸೆರೆ ನಿದ್ರೆ ಬರಿಸಿದಂತೆ ತೋರಿದರೂ ಆಳವಾದ ನಿದ್ರೆಯನ್ನು ಕೆಡಿಸುತ್ತದೆ.

ಮನಸ್ಸಿಗೂ ದಣಿವಿದೆ. ಸೊಸೈಟಿಯ ಸಾಲ, ಮಗಳ ಮದುವೆ, ಬರಬೇಕಾದ ಬಿಲ್ಲು, ಇವು ರಾತ್ರಿ ನಿದ್ರೆಗೆಡಿಸುತ್ತವೆ. ಯಾವುದರಲ್ಲಿಯೂ ಮನಸ್ಸಿಲ್ಲ, ಊಟ ಸೇರದು, ಬದುಕು ಸಾಕೆನ್ನಿಸುತ್ತದೆ ಎಂಬುದು ಎರಡು ವಾರ ನಡೆದರೆ ಅದು ಖಿನ್ನತೆ ಎಂಬ ರೋಗ. ಹೇಡಿತನವಲ್ಲ. ೧೪೪೧೬ ಎಂಬ ಸರಕಾರದ ಪುಕ್ಕಟೆ ಫೋನಿಗೆ ಹಗಲಿರುಳು ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತಾಡಬಹುದು.

ಕೊನೆಗೆ ಮಾಡಬೇಕಾದದ್ದು

ಎಲ್ಲವನ್ನೂ ಸಂಗ್ರಹಿಸಿ ಹೇಳುತ್ತೇನೆ. ಒಂದು, ಮೊದಲ ಎರಡು ವಾರ ನಿದ್ರೆ, ನೀರು, ಊಟ, ಚಹಾದ ಅಂತರ ಇವುಗಳನ್ನು ಸರಿಪಡಿಸಿಕೊಳ್ಳಿರಿ. ಎರಡು, ಆದರೂ ಸುಸ್ತು ಹೋಗದಿದ್ದರೆ ಹಿಮೊಗ್ಲೋಬಿನ್, ಸಕ್ಕರೆ, ರಕ್ತದೊತ್ತಡ ಇಷ್ಟನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೋಡಿಸಿರಿ. ಥೈರಾಯ್ಡ್, ಬಿ೧೨ ಬೇಕೋ ಬೇಡವೋ ಎಂಬುದನ್ನು ವೈದ್ಯರು ಹೇಳುತ್ತಾರೆ. ಮೂರು, ನೀವು ನುಂಗುವ ಎಲ್ಲ ಗುಳಿಗೆಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿರಿ. ನಾಲ್ಕು, ಎದೆ ಒತ್ತಿದಂತಾಗುವುದು, ಕುಳಿತಲ್ಲಿಯೇ ಏದುಸಿರು, ಕಾಲು ಬಾವು, ಕಬ್ಬಿಣದ ಗುಳಿಗೆ ನುಂಗದಿದ್ದರೂ ಡಾಂಬರಿನಂಥ ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿತ, ಗರ್ಭಿಣಿಗೆ ಏದುಸಿರು, ಇವುಗಳಲ್ಲಿ ಒಂದಿದ್ದರೂ ಎರಡು ವಾರ ಕಾಯಬೇಡಿರಿ, ಅದೇ ದಿನ ಹೋಗಿರಿ.

ನೀವು ಲಾಗಣಿಗೆ ಮೊದಲು ಮಣ್ಣು ಪರೀಕ್ಷೆ ಮಾಡಿಸುತ್ತೀರಿ. ಈ ಸಲ ಮಣ್ಣಿನ ಚೀಲ ಕಟ್ಟಿ ಕಳಿಸುವ ವಾರದಲ್ಲಿಯೇ ಮನೆಯ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ ಒಂದು ಹನಿ ರಕ್ತದ ಪರೀಕ್ಷೆಯನ್ನೂ ಮಾಡಿಸಿರಿ. ನಿಮ್ಮದನ್ನೂ ಮಾಡಿಸಿರಿ. ಅದಕ್ಕೆ ಹಣ ಬೇಕಿಲ್ಲ, ಒಂದು ಮುಂಜಾನೆಯ ಹೊತ್ತು ಸಾಕು.